ಅರ್ಧಕ್ಕೆ ಎದ್ದುಹೋದವನು

ಗ್ರಂಥಾಲಯದ ಪುಸ್ತಕದಲ್ಲಿ ಗೀಚುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಒಂದು ಕಾದಂಬರಿಯನ್ನು ಮಾತ್ರ ನಾನೇ ಗೀಚಿದ್ದೇನೆ. ಒಂದೂರಿನಲ್ಲಲ್ಲ, ಒಂಬತ್ತು ಊರುಗಳಲ್ಲಿ. ಅದೂ ಪೆನ್ಸಿಲ್ಲಿನಿಂದಲ್ಲ, ತಿಕ್ಕಿದರೂ ಹೋಗದ ಶಾಯಿಯಿಂದ. ಆ ಕಾದಂಬರಿಯ ಹನ್ನೊಂದನೆಯ ಅಧ್ಯಾಯದ ತಲೆಯ ಮೇಲೆ ಎರಡು ಸಾಲಿನ ಹಾಡೊಂದಿದೆ. ಅದರ ಕೆಳಗೆ ಇನ್ನೆರಡು ಸಾಲು ಬರೆದು, ಪುಸ್ತಕ ಮುಚ್ಚಿ, ಇದ್ದ ಜಾಗದಲ್ಲೇ ಇಟ್ಟು ಬರುತ್ತೇನೆ. ಪಶ್ಚಾತ್ತಾಪವೇನೂ ಇಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಹತ್ತನೆಯ ಇಯತ್ತೆ ಪಾಸಾಗಿ, ಮುಂದೆ ಓದಲು ಕಳಿಸುತ್ತಾರೋ ಇಲ್ಲವೋ ಎಂದು ಕಾಯುತ್ತ ತಿರ್ಲಾಪುರದ ನಮ್ಮ ಮನೆಯಲ್ಲಿದ್ದೆ. ಮಾಘದ ಬಿಸಿಲಿಗೆ ಒಣಗಿದ ಮೆಣಸಿನಕಾಯಿಯನ್ನು ಪಡಸಾಲೆಯಲ್ಲಿ ರಾಶಿ ಹಾಕಿದ್ದರು. ಓಣಿಯ ಏಳೆಂಟು ಹೆಂಗಸರು ಸುತ್ತ ಕೂತು ತೊಟ್ಟು ಮುರಿಯುತ್ತಿದ್ದರು. ಅವರ ಕೈಗೆ ಕೆಲಸವಿತ್ತು, ಕಿವಿ ಖಾಲಿ ಇತ್ತು. ಆ ಕಿವಿಗೆ ನಾನು. ವಾರಪತ್ರಿಕೆ ಬಂದ ದಿನ ಅದರೊಳಗಿನ ಧಾರಾವಾಹಿಯನ್ನು ಗಟ್ಟಿಯಾಗಿ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ಘಾಟಿಗೆ ಸೀನುತ್ತ, ಕಣ್ಣೊರೆಸಿಕೊಳ್ಳುತ್ತ ಓದುತ್ತಿದ್ದೆ. ನಾಯಕಿಯ ಕಷ್ಟಕ್ಕೆ ಅಳುತ್ತೇನೋ ಮೆಣಸಿನಕಾಯಿಗೆ ಅಳುತ್ತೇನೋ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಧಾರಾವಾಹಿ ಬರೆಯುತ್ತಿದ್ದ ಕಾದಂಬರಿಕಾರ ಆಗ ಮನೆಮಾತು. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅವನ ಪುಸ್ತಕಗಳು ಬಾಳೆಹಣ್ಣಿನ ಬಾಜೂಕ್ಕೇ ತೂಗಾಡುತ್ತಿದ್ದವು. ಪ್ರತಿ ಅಧ್ಯಾಯದ ತಲೆಗೂ ಒಂದು ಹಾಡೋ ವಚನವೋ ಹಿರಿಯರ ಮಾತೋ ಹಾಕುವುದು ಅವನ ರೂಢಿ. ನಮ್ಮೂರ ವಾಚನಾಲಯ ನೋಡಿಕೊಳ್ಳುತ್ತಿದ್ದ ನಿವೃತ್ತ ಕನ್ನಡ ಮಾಸ್ತರರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕೆಂಪು ಪೆನ್ನು ಹಿಡಿದು, "ಇದು ಹಿಂಗಿಲ್ಲ. ಇದು ಆ ಕವಿ ಹೇಳಿದ್ದಲ್ಲ. ಇದರ ಬಾಲ ಕತ್ತರಿಸ್ಯಾನ" ಎಂದು ವಾರಕ್ಕೊಮ್ಮೆ ಗೊಣಗುತ್ತಿದ್ದರು. ನಾನು ಕಾದಂಬರಿಕಾರನ ಪರ ನಿಂತು ಅವರ ಜೊತೆ ಜಗಳ ಆಡುತ್ತಿದ್ದೆ. "ಕತಿ ಚಲೋ ಇದ್ರ ಸಾಕಲ್ರಿ ಸರ, ತಲಿ ಮ್ಯಾಲಿನ ಎರಡ ಸಾಲು ಯಾರ ನೋಡ್ತಾರ?" ಎಂದಿದ್ದೆ. ಆ ಮಾತನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಂದು ಹನ್ನೊಂದನೆಯ ಕಂತು. ಎಂದಿನಂತೆ ತಲೆಯಿಂದಲೇ ಶುರುಮಾಡಿದೆ.

"ಹೊಸ್ತಿಲ ದಾಟಿದ ಹೆಣ್ಣ ಬೇಲಿ ಇಲ್ಲದ ಹೊಲ, ಯಾರ ಎತ್ತ ಮೇದರೇನ, ಕೇಳವರ‍್ಯಾರ ಹೇಳ." ಅದರ ಕೆಳಗೆ ಹೀಗೆ ಅಚ್ಚಾಗಿತ್ತು: "ತಾನೂ ಒಬ್ಬ ಹೆಣ್ಣಾಗಿ, ಬದುಕಿನಲ್ಲಿ ನೊಂದು ನವಲಗುಂದ ಸೀಮೆಯ ಹಾಡುಗಾರ್ತಿಯೊಬ್ಬಳು ಕಂಡುಕೊಂಡ ಸತ್ಯ."

ಓದಿ ಮುಗಿಸಿದ ಮೇಲೆಯೇ ನನಗೆ ತಿಳಿದದ್ದು. ಮೆಣಸಿನಕಾಯಿ ಮುರಿಯುವ ಚಟಚಟ ಸದ್ದು ನಿಂತಿತ್ತು. ಎಲ್ಲರೂ ಒಬ್ಬಳನ್ನೇ ನೋಡುತ್ತಿದ್ದರು. ಆಕೆ ನನ್ನ ಸೋದರತ್ತೆ. ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿ, "ಹೊಳ್ಳಿ ಓದ" ಎಂದಳು. ನಾನು ಮತ್ತೊಮ್ಮೆ ಓದಿದೆ. ನನ್ನ ಬಾಯಿಂದ, ಎರಡು ಸಲ.

ಅತ್ತೆ ಹತ್ತೊಂಬತ್ತನೆಯ ವಯಸ್ಸಿಗೆ, ಹೊಡೆಯುವ ಗಂಡನನ್ನು ಬಿಟ್ಟು, ಉಟ್ಟ ಸೀರೆಯಲ್ಲೇ ತವರಿಗೆ ಬಂದವಳು. ಹೊಸ್ತಿಲು ದಾಟಿದ ಹೆಣ್ಣು ಅಂದರೆ ಅವಳೇ. ಬಂದವಳು ಮೂಲೆ ಸೇರಲಿಲ್ಲ, ಗೀಗೀ ಪದ ಕಲಿತಳು. ಈ ಹಾಡಿಕೆಯಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಅತ್ತೆ ನಾಗೇಶಿ. ದಪ್ಪು ಎಂಬ ಚರ್ಮವಾದ್ಯ ಹಿಡಿದು ನಿಂತಳೆಂದರೆ ನವಲಗುಂದ, ಅಣ್ಣಿಗೇರಿ ಕಡೆಯ ಹರದೇಶಿ ಗಂಡಸರು ಮೊದಲು ನೀರು ಕುಡಿದು ಬರುತ್ತಿದ್ದರು.

ಅವಳ ಮೇಳಕ್ಕೆ ಗುರುವಿನಿಂದ ಬಂದ ಒಂದು ಕಟ್ಟಳೆಯಿತ್ತು. ಎದುರಾಳಿ ಹಾಕಿದ ಸವಾಲನ್ನು ಮೊದಲು ತಾವೇ ಹೊಳ್ಳಿ ಹಾಡಬೇಕು. ಒಂದಕ್ಷರ ಬಿಡದೆ, ಅವನು ಹಾಡಿದ್ದಕ್ಕಿಂತ ಚಂದವಾಗಿ ಹಾಡಬೇಕು. ಆಮೇಲೆ ಜವಾಬು. ಯಾಕೆ ಎಂದು ಸಣ್ಣವಳಿದ್ದಾಗ ಕೇಳಿದ್ದೆ. "ವೈರಿ ಮಾತು ಪೂರಾ ಕೇಳೇವಿ ಅಂತ ಮಂದಿಗೆ ತಿಳೀಬೇಕವಾ. ಅರ್ಧಾ ಕೇಳಿ ಹೇಳಿದ್ದು ಜವಾಬಲ್ಲ, ಬೈಗಳ" ಎಂದಿದ್ದಳು.

ಹೊಸ್ತಿಲಿನ ಆ ಎರಡು ಸಾಲು ಕುಂದಗೋಳ ಕಡೆಯ ಒಬ್ಬ ಹರದೇಶಿಯ ಸವಾಲು. ಹಿಂದಿನ ಶ್ರಾವಣದಲ್ಲಿ ಶಲವಡಿಯಲ್ಲಿ ಮಧ್ಯಾಹ್ನದ ಹಾಡಿಕೆಯಲ್ಲಿ ಅವನು ಅದನ್ನು ಹಾಕಿದ್ದ. ಕಾದಂಬರಿಕಾರನೂ ಅಲ್ಲಿಗೆ ಬಂದಿದ್ದ. ಊರ ಹಿರಿಯರು ಮಾಲೆ ಹಾಕಿ ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದರು. ಹರದೇಶಿ ಹಾಡುವಾಗ ಅವನು ಹಿರಿಯರೊಡನೆ ಮಾತಾಡುತ್ತ ಚಹಾ ಕುಡಿಯುತ್ತಿದ್ದ. ಅತ್ತೆ ಎದ್ದು ಆ ಸವಾಲನ್ನು ಹೊಳ್ಳಿ ಹಾಡಿದಾಗ ಅವಳ ದನಿಗೆ ಬೆಚ್ಚಿ, ಕಿಸೆಯಿಂದ ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ಅಷ್ಟರಲ್ಲಿ ಜೀಪಿನವನು ಹಾರ್ನು ಹಾಕಿದ. ಇವನು ಎದ್ದು, ಕೈಮುಗಿದು, ಹೊರಟೇಬಿಟ್ಟ. ಅವನ ಬೆನ್ನ ಹಿಂದೆ ಅತ್ತೆ ಜವಾಬು ಎತ್ತಿದಳು. ನಾನು ಅಲ್ಲಿಯೇ ಇದ್ದೆ. ಅವನು ಬರೆದುಕೊಂಡದ್ದನ್ನು ಕಣ್ಣಾರೆ ಕಂಡು, ನಮ್ಮತ್ತೆಯ ಹಾಡು ಪುಸ್ತಕದಲ್ಲಿ ಬರುತ್ತದೆಂದು ಊರೆಲ್ಲ ಡಂಗುರ ಸಾರಿದವಳೂ ನಾನೇ.

ಬಂತು. ಹೀಗೆ ಬಂತು.

ಮೊದಮೊದಲು ಅತ್ತೆ ನಕ್ಕಳು. "ಮೂಢ ಅದಾನ ಪಾಪ, ತಿಳೀಲಿಲ್ಲ" ಎಂದಳು. ಆಮೇಲೆ ಬಿಟ್ಟ ಗಂಡನ ಊರಿನಿಂದ ಯಾರೋ ಆ ಪುಟ ಕತ್ತರಿಸಿ ತಂದುಕೊಟ್ಟರು. "ಈಗರ ಬುದ್ಧಿ ಬಂತಲ್ಲ ಅಂತ ಹೇಳಂದಾರ" ಎಂದು ಹೇಳಿ, ಚಹಾ ಕುಡಿದು ಹೋದರು. ಅಂದು ಅವಳು ನಗಲಿಲ್ಲ.

ಯುಗಾದಿ ಮುಗಿದ ಮೇಲಿನ ಹಾಡಿಕೆಯಲ್ಲಿ ಅದೇ ಹರದೇಶಿ ಎದುರಿಗೆ ಬಂದ. ಹಾಡು ಎತ್ತುವ ಮುನ್ನ ವಾರಪತ್ರಿಕೆಯನ್ನು ಮಡಿಕೆ ಬಿಚ್ಚಿ ಜನರಿಗೆ ತೋರಿಸಿದ. "ಅಕ್ಕಾ, ಇನ್ನ ನಮ್ಮಿಬ್ಬರದು ವಾದ ಎಲ್ಲೈತಿ? ನನ್ನ ಮಾತ ನೀನೂ ಒಪ್ಪೀದಿ. ಅಚ್ಚಾಗೇತಿ ನೋಡ."

"ಅದು ನಾ ಹೊಳ್ಳಿ ಹಾಡಿದ್ದೋ ತಮ್ಮಾ. ಜವಾಬು ಬ್ಯಾರೆ ಐತಿ, ನಿನಗ ಗೊತ್ತೈತಿ."

"ನನಗ ಗೊತ್ತೈತಿ. ಪೇಪರ್ನ್ಯಾಗ ಇಲ್ಲಲ್ಲ?"

ಜನ ಹೋ ಎಂದು ನಕ್ಕರು. ಇಪ್ಪತ್ತು ವರ್ಷ ಅವಳ ಜವಾಬಿಗೆ ಚಪ್ಪಾಳೆ ತಟ್ಟಿದ ಜನವೇ ನಕ್ಕದ್ದು. ಅತ್ತೆ ದಪ್ಪನ್ನು ಎದೆಗವಚಿಕೊಂಡು ಕೆಳಗಿಳಿದಳು. ಮನೆಗೆ ಬಂದು ಅದನ್ನು ಗೂಟಕ್ಕೆ ತೂಗುಹಾಕಿದಳು. ಮೂರು ಊರುಗಳಿಂದ ಕರೆ ಬಂದರೂ ಇಳಿಸಲಿಲ್ಲ. ಗಂಡನ ಮನೆ ಬಿಟ್ಟವಳಿಗೆ ಈ ಊರಿನಲ್ಲಿ ತಲೆಯೆತ್ತಿ ನಡೆಯಲು ಇದ್ದದ್ದು ಆ ಜವಾಬೊಂದೇ. ಅದನ್ನೇ ಕಾದಂಬರಿಕಾರ ತೆಗೆದುಕೊಂಡು ಹೋಗಿದ್ದ. ನನಗೆ ಅಂದು ಬಂದ ಸಿಟ್ಟು ಇವತ್ತಿಗೂ ಪೂರಾ ಆರಿಲ್ಲ.

ಪತ್ರಿಕೆಗೆ ಕಾಗದ ಬರೆದೆ. ನಾಲ್ಕು ಪುಟ. ದೊಡ್ಡವರಿಗೆ ಬರೆಯುವಾಗ ಮರ್ಯಾದೆಯಿಂದ ಶುರುಮಾಡಬೇಕೆಂದು ಮಾಸ್ತರರು ಕಲಿಸಿದ್ದರಲ್ಲ, ಮೊದಲ ಪುಟದ ತುಂಬ ಧಾರಾವಾಹಿಯನ್ನು ಹೊಗಳಿದೆ. ನಮ್ಮ ಪಡಸಾಲೆಯ ಹೆಂಗಸರು ಕೆಲಸ ಮರೆತು ಕೇಳುತ್ತಾರೆ ಎಂದೆಲ್ಲ ಬರೆದೆ. ಆಮೇಲೆ "ಆದರೆ" ಎಂದು ಹಿಡಿದು ಮೂರು ಪುಟ ಸತ್ಯ ಬರೆದೆ. ತಿಂಗಳಾದ ಮೇಲೆ ನನ್ನ ಹೆಸರು, ಊರು ಸಮೇತ ಕಾಗದ ಅಚ್ಚಾಯಿತು. ಮೊದಲ ಪುಟ ಮಾತ್ರ. "ಆದರೆ" ಎಂಬಲ್ಲಿಗೆ ಕತ್ತರಿ ಬಿದ್ದಿತ್ತು. ಅತ್ತೆಗೆ ಆದದ್ದು ನನಗೂ ಆಯಿತು. ನಾನು ಅತ್ತೆಯಷ್ಟು ಒಳ್ಳೆಯವಳಲ್ಲ, ಗೂಟ ಹುಡುಕಲಿಲ್ಲ.

ಆ ಅರ್ಧ ಕಾಗದವೇ ನನಗೆ ದಾರಿ ಮಾಡಿಕೊಟ್ಟಿತು. ನವೆಂಬರಿನಲ್ಲಿ ಅಣ್ಣಿಗೇರಿಯಲ್ಲಿ ಕನ್ನಡ ರಾಜ್ಯೋತ್ಸವ ನಡೆಸುವವರಲ್ಲಿ ನಮ್ಮ ಮಾಸ್ತರರೂ ಒಬ್ಬರು. ಕಾದಂಬರಿಕಾರನೇ ಮುಖ್ಯ ಅತಿಥಿ. ಪತ್ರಿಕೆಯಲ್ಲಿ ಅಭಿಮಾನದ ಕಾಗದ ಬರೆದ ಹಳ್ಳಿಯ ಹುಡುಗಿಯಿಂದಲೇ ಅತಿಥಿಯ ಪರಿಚಯ ಮಾಡಿಸಿದರೆ ಚಂದ ಎಂದು ಯಾರೋ ಸೂಚಿಸಿದರಂತೆ.

ಮಾಸ್ತರರು ಬಂದು ಕೇಳಿದರು. "ನೀ ಮಾಡ್ತೀ ಏನವಾ? ಏನರ ಹೆಚ್ಚುಕಮ್ಮಿ ಮಾತಾಡಬಾರದು ಮತ್ತ."

"ಇಲ್ರಿ ಸರ. ನನ್ನವು ಅಂತ ಒಂದ ಮಾತೂ ಆಡೂದಿಲ್ಲ. ಅವರ ಬರದದ್ದಷ್ಟ ಓದ್ತೀನ್ರಿ."

ಹದಿನೈದು ದಿನ ವಾಚನಾಲಯದಲ್ಲಿ ಕೂತು ಅವನ ಪುಸ್ತಕಗಳನ್ನು ಮತ್ತೆ ಓದಿದೆ. ಅಷ್ಟು ಖುಷಿಯಿಂದ ಯಾವ ಪರೀಕ್ಷೆಗೂ ಓದಿರಲಿಲ್ಲ. ಅತ್ತೆಗೆ, ನಾನು ವೇದಿಕೆಯ ಮೇಲೆ ಮಾತಾಡುವುದಿದೆ, ನೀನು ಬರಲೇಬೇಕು ಎಂದಷ್ಟೇ ಹೇಳಿದೆ. ತೊಟ್ಟು ಮುರಿಯುತ್ತಿದ್ದ ಹೆಂಗಸರಿಗೆಲ್ಲ ಪೂರ್ತಿ ಹೇಳಿದೆ. ಚಕ್ಕಡಿಯಲ್ಲಿ ಬುತ್ತಿಯ ಗಂಟುಗಳ ಕೆಳಗೆ, ಕೌದಿಯಲ್ಲಿ ಸುತ್ತಿ, ಗೂಟದಿಂದ ಕದ್ದಿಳಿಸಿದ ದಪ್ಪು ಇತ್ತು.

ಸಭೆ ಹನ್ನೆರಡಕ್ಕೆ. ಹಳದಿ ಕೆಂಪು ಪತಾಕೆ, ಶಾಲಾ ಮಕ್ಕಳು, ವರ್ತಕರು, ರೈತರು, ಒಟ್ಟು ಮೈದಾನ ತುಂಬಿತ್ತು. ಕಾದಂಬರಿಕಾರ ಬಿಳಿ ಜುಬ್ಬಾದಲ್ಲಿ ಮಿಂಚುತ್ತಿದ್ದ. ನಾನು ಎದ್ದೆ. ಮೈಕಿನ ಮುಂದೆ ನಿಂತು ಬರೆದು ತಂದಿದ್ದ ಚೀಟಿ ಬಿಚ್ಚಿದೆ.

"ಮಾನ್ಯ ಅತಿಥಿಗಳ ಪರಿಚಯವನ್ನು ಅವರ ಮಾತಿನಲ್ಲೇ ಮಾಡುತ್ತೇನೆ. ಓದುಗರ ಬಗ್ಗೆ ಅವರು ಹೀಗೆ ಬರೆದಿದ್ದಾರೆ: 'ಓದುವ ಜನ ಆಡಿನ ಹಿಂಡು. ಹುಲ್ಲು ಹಾಕಿದರೂ ಮೇಯುತ್ತವೆ, ಕಾಗದ ಹಾಕಿದರೂ ಮೇಯುತ್ತವೆ.'"

ಮುಂದಿನ ಸಾಲಿನಲ್ಲಿ ಯಾರೋ ನಕ್ಕು, ತಟ್ಟನೆ ನಿಲ್ಲಿಸಿದರು.

"ನಮ್ಮಂಥ ಹಳ್ಳಿಯವರ ಬಗ್ಗೆ: 'ಒಕ್ಕಲಿಗನಿಗೆ ಅಕ್ಷರ ಕಲಿಸುವುದೂ ಒಂದೇ, ಎತ್ತಿಗೆ ಕನ್ನಡಕ ಹಾಕುವುದೂ ಒಂದೇ.'"

ಈಗ ಗುಜುಗುಜು ಎದ್ದಿತು. ಮಾಸ್ತರರು ಕೈಯಲ್ಲಿದ್ದ ಕಾರ್ಯಕ್ರಮದ ಚೀಟಿಯನ್ನು ಕೆಳಗೆ ಬೀಳಿಸಿಕೊಂಡರು.

"ಇಂದು ರಾಜ್ಯೋತ್ಸವ. ಕನ್ನಡದ ಬಗ್ಗೆ ಅವರು ಬರೆದದ್ದು: 'ತಾಯಿನುಡಿ ಅಂದರೆ ಹಳೆಯ ಚಪ್ಪಲಿ. ಮನೆಯೊಳಗೆ ನಡೆದೀತು, ಬೀದಿಗಿಳಿಯಲು ಬೂಟೇ ಬೇಕು.'"

ಮೈದಾನದ ಹಿಂದಿನ ಸಾಲು ಎದ್ದು ನಿಂತಿತು. ಒಬ್ಬ "ಅಂವಗ ಚಪ್ಪಲೀನ ತೋರಿಸ್ರಿ" ಎಂದು ಕೂಗಿದ. ಕಾದಂಬರಿಕಾರ ಕುರ್ಚಿಯಿಂದ ಜಿಗಿದು ಮೈಕಿಗೆ ಬಂದ. ಹಣೆಯೆಲ್ಲ ಬೆವರು.

"ಇದು ಅನ್ಯಾಯ! ಇವು ನನ್ನ ಮಾತುಗಳಲ್ಲ. ಕಾದಂಬರಿಯ ದುಷ್ಟ ಪಾತ್ರಗಳು ಆಡುವ ಮಾತು. ಮುಂದಿನ ಪುಟದಲ್ಲೇ ನಾಯಕಿ ಇವಕ್ಕೆಲ್ಲ ಉತ್ತರ ಕೊಡುತ್ತಾಳೆ. ಅರ್ಧ ಓದಿ ಹೀಗೆ ಮಾನ ಕಳೆಯಬಹುದೇ?"

ನಾನು ಕಾದಿದ್ದದ್ದು ಇದಕ್ಕೇ. ಎಂಟು ತಿಂಗಳಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು.

"ಹೌದ್ರಿ ಸಾಹೇಬ್ರ. ಮುಂದಿನ ಪುಟದಾಗ ಉತ್ತರ ಐತ್ರಿ. ನಮ್ಮತ್ತೀದೂ ಇತ್ರಿ. ನೀವು ಜೀಪ್ ಹತ್ತಿಬಿಟ್ರಿ."

ಅವನಿಗೆ ತಿಳಿಯಲಿಲ್ಲ. ಹನ್ನೊಂದನೆಯ ಕಂತಿನ ಪುಟವನ್ನು ಅವನ ಮುಂದೆ ಹಿಡಿದು, ಹೊಳ್ಳಿ ಹಾಡುವ ಕಟ್ಟಳೆಯನ್ನು ಮೈಕಿನಲ್ಲೇ ಬಿಡಿಸಿ ಹೇಳಿದೆ. ಆಗ ತಿಳಿಯಿತು. ಅವನ ಮುಖದ ಬಣ್ಣ ಇಳಿದದ್ದನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಹಬ್ಬದೂಟ ಉಂಡಷ್ಟು ತೃಪ್ತಿಯಾಯಿತು.

ಅವನು ಜಾಣ. ತಕ್ಷಣ ದನಿ ಬದಲಿಸಿ, "ಆ ತಾಯಿ ಇಲ್ಲಿದ್ದರೆ ನಾನು ಕ್ಷಮೆ ಕೇಳುತ್ತೇನೆ. ಆ ಉತ್ತರದ ಎರಡು ಸಾಲನ್ನೂ ಈಗಲೇ ಕೇಳೋಣ. ಆದರೆ ನಾನು ಹುಬ್ಬಳ್ಳಿಯ ಗಾಡಿ ಹಿಡಿಯಬೇಕು, ಬೇಗ..." ಎಂದ.

ಹೆಂಗಸರ ನಡುವಿನಿಂದ ಅತ್ತೆ ಎದ್ದಳು. ಬಿಸಿಲಿಗೆ ಹಿಡಿದು ಕಾಯಿಸಿದ ದಪ್ಪನ್ನು ಯಾರೋ ಅವಳ ಕೈಗಿಟ್ಟರು. ಅವಳು ನನ್ನ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಹೆದರಿ ನಾನು ಮೈಕಿನಿಂದ ಸರಿದೆ. ವೇದಿಕೆ ಹತ್ತಿ, ದಪ್ಪನ್ನು ಎರಡು ಬೆರಳಿಂದ ತಟ್ಟಿ ದನಿ ನೋಡಿದಳು.

"ಕುಂಡ್ರ‍್ರಿ ಸಾಹೇಬ್ರ" ಎಂದಳು. "ಎರಡ ಸಾಲು ಕೇಳಿ ಹೋಗಿದ್ದಕ್ಕನ ಇಷ್ಟ ಆಗೇತಿ. ಇವತ್ತ ಪೂರಾ ಕೇಳ್ರಿ. ದಪ್ಪು ಎದ್ದ ಮ್ಯಾಲೆ ನಡುವ ಏಳಬಾರದು, ಅದು ನಮ್ಮಲ್ಲಿ ರಿವಾಜ್ ಐತಿ."

ಅವನು ಗಡಿಯಾರ ನೋಡಿದ. ಹಿಂದಿನಿಂದ ಒಬ್ಬ, "ಏ, ಕುಂಡ್ರ‍್ರಿ ಅಂದಾರ ನೋಡ್ರಿ" ಎಂದ. ಕೂತ.

ಅತ್ತೆ ಶಲವಡಿಯ ಆ ದಿನದ ಇಡೀ ವಾದವನ್ನು ಹಾಡಿದಳು. ಹರದೇಶಿಯ ಹತ್ತು ಸವಾಲು, ತನ್ನ ಹತ್ತು ಜವಾಬು. ಪ್ರತಿ ಸವಾಲನ್ನೂ ವೈರಿಯ ಮೇಲೆ ಕರುಣೆಯಿದ್ದವಳಂತೆ ನಯವಾಗಿ ಹಾಡಿ, ಆಮೇಲೆ ಜವಾಬಿನಿಂದ ಅದರ ಬೆನ್ನು ಮುರಿಯುತ್ತಿದ್ದಳು. ನಮ್ಮ ಹೆಂಗಸರು ಗೀಯ ಗೀಯ ಎಂದು ಹಿಮ್ಮೇಳ ಕೊಟ್ಟರು. ನಡುವೆ ಸ್ಟೇಷನ್ನಿನ ಕಡೆಯಿಂದ ಗಾಡಿಯ ಸೀಟಿ ಕೇಳಿಸಿತು. ಕಾದಂಬರಿಕಾರ ಕುರ್ಚಿಯ ಕೈ ಹಿಡಿದು ಅರ್ಧ ಎದ್ದ. ಅತ್ತೆ ಹಾಡುತ್ತಲೇ ಅವನತ್ತ ತಿರುಗಿದಳು. ಮತ್ತೆ ಕೂತ. ಹುಬ್ಬಳ್ಳಿಯ ಗಾಡಿ ಅವನನ್ನು ಬಿಟ್ಟು ಹೋಯಿತು.

ಹೊಸ್ತಿಲಿನ ಸವಾಲನ್ನು ಅವಳು ಕಡೆಗಿಟ್ಟಿದ್ದಳು. ಅವನು ಅಚ್ಚು ಹಾಕಿಸಿದ್ದ ಎರಡೂ ಸಾಲನ್ನು ನಿಧಾನವಾಗಿ ಹೊಳ್ಳಿ ಹಾಡಿ, ಜವಾಬು ಎತ್ತಿದಳು.

"ಬಿತ್ತಾಕಿ ಹೆಣ್ಣ, ಕಳೆ ಕೀಳಾಕಿ ಹೆಣ್ಣ, ಹೆಣ್ಣಿಂದ ಉಳದೈತಿ ಹೊಲ. ಎತ್ತ ಬಿಟ್ಟಾವನ ಕೈಯಾಗ ಹಗ್ಗ ಯಾಕಿಲ್ಲ ಹೇಳ."

ಮೈದಾನ ಎದ್ದು ಕುಣಿಯಿತು. ಅತ್ತೆ ದಪ್ಪು ನಿಲ್ಲಿಸಿ ಅವನ ಮುಂದೆ ಬಂದು ನಿಂತಳು.

"ಈಗ ಪಾಳಿ ನಿಮ್ಮದ್ರಿ. ಕ್ಷಮಾ ಆಮ್ಯಾಲ ಕೇಳೀರಿ. ಮೊದಲ ನನ್ನ ಮಾತು ಹೊಳ್ಳಿ ಹೇಳ್ರಿ ನೋಡೂಣು."

ಅವನು ಬಾಯಿ ತೆರೆದ. "ಬಿತ್ತುವ... ಹೆಣ್ಣು..." ಎಂದ. ಎರಡೇ ಸಾಲು, ಆಗಷ್ಟೇ ಹಾಡಿದ್ದು, ಅದೂ ಅವನ ಮುಖಕ್ಕೇ. ಎರಡು ತಾಸು ಅವನು ಕೇಳಿರಲಿಲ್ಲ, ಗಾಡಿಯ ಹೊತ್ತು ಎಣಿಸಿದ್ದ. ಹೆಂಗಸರ ಸಾಲಿನಿಂದ, ಓದು ಬರಹ ಬಾರದ, ಬೆರಳ ತುದಿಗೆ ಮೆಣಸಿನಕಾಯಿಯ ಉರಿ ಅಂಟಿದ ಏಳೆಂಟು ಜನ ಒಂದೇ ದನಿಯಲ್ಲಿ ಆ ಎರಡು ಸಾಲನ್ನು ಹೊಳ್ಳಿ ಹೇಳಿದರು. ಆಮೇಲೆ ಇಡೀ ಮೈದಾನ ಹೇಳಿತು. ಅವನು ತಲೆ ತಗ್ಗಿಸಿ ತನ್ನ ಕೊರಳ ಮಾಲೆಯ ಹೂವನ್ನು ಕೀಳುತ್ತ ನಿಂತಿದ್ದ.

ಚಕ್ಕಡಿಯಲ್ಲಿ ಮರಳುವಾಗ ಅತ್ತೆ ದಪ್ಪನ್ನು ತಾನೇ ಕೌದಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು.

"ಅಂವ ಮಾಡಿದ್ದನ್ನ ನೀನೂ ಮಾಡಿದಿ" ಎಂದಳು. "ಅರ್ಧಾ ಓದಿದಿ."

"ಹೌದತ್ತಿ."

"ಇನ್ನೊಮ್ಮೆ ಮಾಡಬ್ಯಾಡ."

"ಇಲ್ಲತ್ತಿ."

ಒಂದು ಹೊಲ ದಾಟಿದ ಮೇಲೆ, "ಆದ್ರ ಅಗದಿ ಚಲೋ ಮಾಡಿದಿ ಬಿಡ" ಎಂದು ನನ್ನ ತೊಡೆಗೆ ಒಂದು ಕೊಟ್ಟಳು. ಮರು ಶ್ರಾವಣಕ್ಕೆ ಅವಳು ಮತ್ತೆ ಹಾಡಿಕೆಗೆ ನಿಂತಳು. ಕುಂದಗೋಳ ಕಡೆಯ ಹರದೇಶಿ ಆ ಸವಾಲನ್ನು ಮತ್ತೆಂದೂ ಎತ್ತಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ವರ್ಷ ಧಾರಾವಾಹಿ ಪುಸ್ತಕವಾಗಿ ಬಂತು. ಅಂಗಡಿಯಲ್ಲೇ ನಿಂತು ಹನ್ನೊಂದನೆಯ ಅಧ್ಯಾಯ ತೆಗೆದೆ. ಅದೇ ಎರಡು ಸಾಲು, ಅದೇ ನೊಂದ ಹಾಡುಗಾರ್ತಿ, ಅದೇ ಸತ್ಯ. ಒಂದು ಅಲ್ಪವಿರಾಮವನ್ನೂ ಬದಲಿಸಿರಲಿಲ್ಲ. ಅತ್ತೆಗೆ ಹೇಳಿದರೆ, "ಹೋಗ್ಲಿ ಬಿಡ, ಮಂದಿಗೆ ಗೊತ್ತೈತಿ" ಎಂದಳು. ಅಣ್ಣಿಗೇರಿಯ ಮೈದಾನದ ಮಂದಿಗೆ ಗೊತ್ತು. ಪುಸ್ತಕ ಹೋಗುವ ಊರುಗಳಿಗೆ ಏನು ಗೊತ್ತು? ಅಂದೇ ಒಂದು ಮಸಿಪೆನ್ನು ಕೊಂಡೆ.

ಮೊದಲು ನಮ್ಮ ವಾಚನಾಲಯದ ಪ್ರತಿ. ಮಾಸ್ತರರು ಕಂಡರೂ ಕಾಣದಂತೆ ಕಿಟಕಿಯ ಕಡೆ ತಿರುಗಿದರು. ಆಮೇಲೆ ನವಲಗುಂದ, ಕುಂದಗೋಳ, ಕಲಘಟಗಿ. ಮದುವೆಗೆ ಹೋದೆ, ಸಂತೆಗೆ ಹೋದೆ, ಗ್ರಂಥಾಲಯ ಎಲ್ಲಿದೆ ಎಂದು ಮೊದಲು ಕೇಳಿದೆ. ಅತ್ತೆ ತೀರಿಕೊಂಡ ಮೇಲೂ ಬಿಡಲಿಲ್ಲ. ಸತ್ತವರು ಜವಾಬು ಕೊಡಲಾರರು ಎಂದು ಆ ಪುಸ್ತಕ ಕಾದು ಕೂತಿದೆ ಎಂದೇ ನನ್ನ ನಂಬಿಕೆ.

ಹತ್ತನೆಯ ಪ್ರತಿ ಸಿಕ್ಕಿದ್ದು ನಾನು ಹಿಂದೆಂದೂ ಕಾಲಿಡದ ಒಂದು ಊರಿನಲ್ಲಿ. ಮೂಲೆಯ ಮೇಜಿನಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದು, ಹನ್ನೊಂದನೆಯ ಅಧ್ಯಾಯ ಬಿಡಿಸಿದೆ. ಹಾಡಿನ ಕೆಳಗೆ ಆಗಲೇ ಎರಡು ಸಾಲು ಬರೆದಿತ್ತು. ಬಿತ್ತಾಕಿ ಹೆಣ್ಣ, ಕಳೆ ಕೀಳಾಕಿ ಹೆಣ್ಣ. ಅದು ನನ್ನ ಅಕ್ಷರವಲ್ಲ. ಹೊಸದಾಗಿ ಬರೆಯಲು ಕಲಿತವರ, ದೊಡ್ಡ ದೊಡ್ಡ, ಸೊಟ್ಟ ಅಕ್ಷರ. ಪೆನ್ನು ಎಷ್ಟು ಒತ್ತಿದ್ದರೆಂದರೆ ಹಾಳೆಯ ಹಿಂಬದಿಯಲ್ಲೂ ಗುರುತು ಎದ್ದಿತ್ತು.

ಆ ಅಕ್ಷರಗಳ ಮೇಲೆ ಬೆರಳಾಡಿಸಿದೆ. ಆಮೇಲೆ ಅದರ ಕೆಳಗೆ ಅತ್ತೆಯ ಹೆಸರು ಬರೆದು ಎದ್ದು ಬಂದೆ.